ಯೂನಿವರ್ಸಿಟಿ ಅಥ್ಲೆಟಿಕ್ಸ್ ಡಿಪಾರ್ಟ್‌ಮೆಂಟಿನಲ್ಲಿ ಬಿಸಿನೆಸ್ ಆಪರೇಷನ್ಸ್ ಕೆಲಸ: ಸೇರಬಹುದಾ?

ಕೂಡು_ಕಳೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿಯ ಅಥ್ಲೆಟಿಕ್ಸ್ ಡಿಪಾರ್ಟ್‌ಮೆಂಟಿನಿಂದ ನನಗೆ ಆಫರ್ ಬಂದಿದೆ. ಹುದ್ದೆಯ ಹೆಸರು ಬಿಸಿನೆಸ್ ಆಪರೇಷನ್ಸ್ ಕೋಆರ್ಡಿನೇಟರ್. ಎನ್‌ಸಿಎಎ ಅನ್ನುವ ಕಾಲೇಜು ಕ್ರೀಡಾ ಸಂಸ್ಥೆಯ ಅತಿ ಮೇಲಿನ ದರ್ಜೆಯಾದ ಡಿವಿಷನ್ 1 ಶಾಲೆ (ಇಲ್ಲಿ ಯೂನಿವರ್ಸಿಟಿಗೂ ಶಾಲೆ ಅಂತಾರೆ), ಆದರೆ ಪ್ರತಿ ಶನಿವಾರ ಟಿವಿಯಲ್ಲಿ ಬರುವಂಥ ದೊಡ್ಡ ಹೆಸರೇನಲ್ಲ.

ಆರು ವರ್ಷದಿಂದ ನಾನು ಒಂದು ಗೋದಾಮು ಕಂಪನಿಯಲ್ಲಿ ಅಕೌಂಟೆಂಟ್. ತಿಂಗಳ ಕೊನೆಗೆ ಲೆಕ್ಕ ಮುಚ್ಚುವುದು, ಬಿಲ್ ಪಾಸ್ ಮಾಡುವುದು, ಆಡಿಟರ್ ಕೇಳಿದ ಕಾಗದ ಹುಡುಕಿ ಕೊಡುವುದು, ಇಷ್ಟೇ ನನ್ನ ಪ್ರಪಂಚ. ಅಮೆರಿಕನ್ ಫುಟ್‌ಬಾಲಿನಲ್ಲಿ ಒಂದು ತಂಡಕ್ಕೆ ಎಷ್ಟು ಜನ ಅಂತ ಇಂಟರ್‌ವ್ಯೂ ಹಿಂದಿನ ರಾತ್ರಿ ಹುಡುಕಿ ನೋಡಿದವಳು ನಾನು. ಸಂಬಳ ಈಗಿನದಕ್ಕಿಂತ ವರ್ಷಕ್ಕೆ 9,000 ಡಾಲರ್ ಕಡಿಮೆ. ಕೆಲಸದ ವಿವರಣೆ ಎರಡು ಪುಟ ಇದೆ, ಕೊನೆಯ ಸಾಲು "ವಹಿಸಿದ ಇತರ ಕೆಲಸಗಳು". ಆ ಸಾಲೇ ಸ್ವಲ್ಪ ಭಯ ಹುಟ್ಟಿಸ್ತಿದೆ.

ಒಳಗೆ ಇದ್ದವರು ಯಾರಾದರೂ ಇದ್ದರೆ ಹೇಳಿ. ದಿನ ಹೇಗಿರುತ್ತದೆ? ಆಟ ಗೊತ್ತಿಲ್ಲದವರು ಅಲ್ಲಿ ಬಾಳಬಹುದಾ?

ಹಳೇ_ಲೆಡ್ಜರ್

ಈ ಕೆಲಸಕ್ಕೆ ಬಂದು 14 ವರ್ಷ ಆಯಿತು. ಎರಡು ಯೂನಿವರ್ಸಿಟಿ ನೋಡಿದ್ದೇನೆ. ಆಟ ಗೊತ್ತಿಲ್ಲದಿದ್ದರೆ ಏನೂ ತೊಂದರೆ ಇಲ್ಲ. ನನಗೆ ಇವತ್ತಿಗೂ ಆಫ್‌ಸೈಡ್ ಸರಿಯಾಗಿ ಅರ್ಥ ಆಗಿಲ್ಲ.

ಗೋದಾಮಿನಲ್ಲಿ ದುಡ್ಡು ಖರ್ಚು ಮಾಡುವವರು ನಿಮ್ಮ ಪಕ್ಕದ ಕಟ್ಟಡದಲ್ಲೇ ಕೂತಿರುತ್ತಾರೆ. ಇಲ್ಲಿ ದುಡ್ಡು ಖರ್ಚಾಗುವುದು ಹೆದ್ದಾರಿಯಲ್ಲಿ, ರಾತ್ರಿ ಹತ್ತು ಗಂಟೆಗೆ, ಈಗಷ್ಟೇ ಸೋತು ಬಂದ ಕೋಚ್ ಕೈಯಿಂದ. ಆ ಹೊತ್ತಿಗೆ ಅವರಿಗೆ ರಸೀದಿ ನೆನಪಿರಲ್ಲ. ಆದರೆ ಫಾರ್ಮಿನ ಕೆಳಗೆ ಸಹಿ ನಿಮ್ಮದು.

ಒಂದು ಟ್ರಿಪ್ ಹೇಳುತ್ತೇನೆ. ಮಹಿಳೆಯರ ಸಾಕರ್ (ನಮ್ಮ ಕಡೆಯ ಫುಟ್‌ಬಾಲ್) ತಂಡ, 26 ಆಟಗಾರ್ತಿಯರು, ಕೋಚ್‌ಗಳು, ಟ್ರೈನರ್, ಮ್ಯಾನೇಜರ್ ಸೇರಿ 32 ಜನ. ರಾತ್ರಿಯೇ ವಾಪಸ್ ಬರುವ ಲೆಕ್ಕ. ಆಟದ ಮಧ್ಯೆ ಮಿಂಚು. ಮಿಂಚೋ ಗುಡುಗೋ ಬಂದರೆ ಕೊನೆಯದಾದ ಮೇಲೆ 30 ನಿಮಿಷ ಕಾಯಲೇಬೇಕು. 25ನೇ ನಿಮಿಷಕ್ಕೆ ಇನ್ನೊಂದು ಮಿಂಚಿದರೆ ಗಡಿಯಾರ ಮತ್ತೆ ಸೊನ್ನೆಯಿಂದ. ಅವತ್ತು ಹೀಗೆ ಮೂರು ಸಲ ಆಯಿತು. ಇತ್ತ ಬಸ್ ಡ್ರೈವರ್‌ಗೂ ಒಂದು ಗಡಿಯಾರ ಇರುತ್ತದೆ. 8 ಗಂಟೆ ಬಿಡುವಾದ ಮೇಲೆ ಹೆಚ್ಚೆಂದರೆ 10 ಗಂಟೆ ಓಡಿಸಬಹುದು, ಡ್ಯೂಟಿಯ ಲೆಕ್ಕ 15 ಗಂಟೆ ತುಂಬಿದರೆ ಸ್ಟೇರಿಂಗ್ ಮುಟ್ಟುವಂತಿಲ್ಲ. ಅದು ಫೆಡರಲ್ ನಿಯಮ, ಕೋಚ್ ಕಿರುಚಿದರೆ ಬದಲಾಗಲ್ಲ.

ರಾತ್ರಿ 11 ಗಂಟೆಗೆ ನನಗೆ ಫೋನ್. ಹೋಟೆಲ್ ಸಿಕ್ಕಿದೆ, ಡ್ರೈವರ್‌ಗೆ ಒಂದು ಸೇರಿ 17 ರೂಮು, ಒಟ್ಟು 2,720 ಡಾಲರ್. ಕೋಚ್ ಕೈಯಲ್ಲಿದ್ದ ಪಿ-ಕಾರ್ಡಿನ (ಖರೀದಿಗೆ ಯೂನಿವರ್ಸಿಟಿ ಕೊಡುವ ಕಾರ್ಡ್) ಮಿತಿ ಒಂದು ಸಲಕ್ಕೆ 2,500. ರಿಸೆಪ್ಷನಿನ ಹುಡುಗ ಪಾಪ ಒಳ್ಳೆ ಮನಸ್ಸಿನಿಂದ "ಎರಡು ಸಲ ಸ್ವೈಪ್ ಮಾಡಿಬಿಡೋಣ" ಅಂದ. ಕೋಚ್ ಆಗಲೇ ಕಾರ್ಡ್ ಚಾಚಿದ್ದರು. ನಾನು ಫೋನಿನಲ್ಲೇ ಕೂಗಿದೆ, ಬೇಡ ಅಂತ. ಒಂದು ಬಿಲ್ಲನ್ನು ಮಿತಿ ತಪ್ಪಿಸಲು ಎರಡು ಮಾಡುವುದು ಸ್ಪ್ಲಿಟ್ ಟ್ರಾನ್ಸಾಕ್ಷನ್. ಪಿ-ಕಾರ್ಡ್ ಆಡಿಟಿನಲ್ಲಿ ಮೊದಲು ಹುಡುಕುವುದೇ ಅದನ್ನು. ಕಾರ್ಡ್ ಆಫೀಸಿನ ಅಕ್ಕನನ್ನು ನಿದ್ದೆಯಿಂದ ಎಬ್ಬಿಸಿ ಮಿತಿ ಏರಿಸಿಕೊಂಡೆವು. ಅಷ್ಟು ಹೊತ್ತೂ ಇಡೀ ತಂಡದವರು ಲಾಬಿಯಲ್ಲಿ ಒದ್ದೆ ಸಾಕ್ಸ್ ಹಾಕಿಕೊಂಡು ನಿಂತಿದ್ದರಂತೆ.

ಅದೇ ಟ್ರಿಪ್ಪಿನ ಇನ್ನೊಂದು ಬಾಲ ಕೇಳಿ. ಊಟದ ದುಡ್ಡನ್ನು ಕವರಿನಲ್ಲಿ ಹಾಕಿ ಕೊಟ್ಟಿದ್ದೆ, ತಲೆಗೆ 45 ಡಾಲರ್, ತಗೊಂಡವರು ಹಾಳೆಯಲ್ಲಿ ಸಹಿ ಮಾಡಬೇಕು. 26 ಕವರ್ ಹೋಗಿತ್ತು, 25 ಸಹಿ ಬಂತು. ಒಬ್ಬ ಹುಡುಗಿ ಕಾಲು ನೋವು ಅಂತ ಹೊರಡುವ ಹೊತ್ತಿಗೆ ಬಸ್ ಹತ್ತಿರಲಿಲ್ಲ. ಹಾಗಾದರೆ ಕವರ್ ಎಲ್ಲಿ? ಮೂರು ವಾರ ಆದ ಮೇಲೆ ಅಸಿಸ್ಟೆಂಟ್ ಕೋಚಿನ ಮಳೆ ಜಾಕೆಟ್ ಜೇಬಿನಲ್ಲಿ ಸಿಕ್ಕಿತು. ನೆಂದು, ಒಣಗಿ, ಹಪ್ಪಳದ ಹಾಗೆ ಆಗಿತ್ತು. ನೋಟುಗಳನ್ನು ಬಿಡಿಸಿ ಎಣಿಸಿ ಡೆಪಾಸಿಟ್ ಸ್ಲಿಪ್ ಬರೆದೆ. ಈಗ ಎಷ್ಟೋ ಕಡೆ ಈ ದುಡ್ಡನ್ನು ಆ್ಯಪ್ ಅಥವಾ ಕಾರ್ಡಿನಲ್ಲಿ ಹಾಕುತ್ತಾರೆ. ನಿಮ್ಮಲ್ಲಿ ಇನ್ನೂ ಕವರಾ ಅಂತ ಕೇಳಿ.

ವರ್ಷದ ಓಟ ಹೀಗಿದೆ. ಸಾಮಾನ್ಯವಾಗಿ ಜುಲೈ 1ರಿಂದ ಜೂನ್ 30 ಆರ್ಥಿಕ ವರ್ಷ. ಆಗಸ್ಟ್ ಅಂದರೆ ಜಾತ್ರೆ. ಕ್ಲಾಸ್ ಶುರುವಾಗುವ ಮೊದಲೇ ಫುಟ್‌ಬಾಲ್, ಸಾಕರ್, ವಾಲಿಬಾಲ್ ತಂಡಗಳು ಕ್ಯಾಂಪಸ್ಸಿಗೆ ಬಂದುಬಿಡುತ್ತವೆ. ಡೈನಿಂಗ್ ಹಾಲ್ ಇನ್ನೂ ತೆರೆದಿರಲ್ಲ. ಅಷ್ಟೂ ಜನರ ಊಟ, ವಸತಿ ನಿಮ್ಮ ಲೆಕ್ಕಕ್ಕೆ. ಅಕ್ಟೋಬರಿನಲ್ಲಿ ಇಎಡಿಎ ರಿಪೋರ್ಟ್ (ಪುರುಷ, ಮಹಿಳಾ ತಂಡಗಳ ಖರ್ಚಿನ ಲೆಕ್ಕ, ಸರ್ಕಾರಕ್ಕೆ), ಜನವರಿ 15ಕ್ಕೆ ಎನ್‌ಸಿಎಎಗೆ ಹಣಕಾಸಿನ ವರದಿ, ಜೂನಿನಲ್ಲಿ ವರ್ಷದ ಕೊನೆ. ಜೂನ್ 28ಕ್ಕೆ ಹೆಲ್ಮೆಟ್ ಬಂದು ಬಿಲ್ ಜುಲೈ 9ಕ್ಕೆ ಬಂದರೆ ಅದು ಯಾವ ವರ್ಷದ ಖರ್ಚು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಇಕ್ವಿಪ್‌ಮೆಂಟ್ ಮ್ಯಾನೇಜರಿಗೆ ಪ್ರತಿ ವರ್ಷ ಹೇಳಿಕೊಡಬೇಕು.

ಮೂರನೇ_ಗೇಟ್

ಲೆಡ್ಜರ್ ಸಾರ್ ಪ್ರಯಾಣದ ಬಗ್ಗೆ ಹೇಳಿದರು, ನಾನು ಆಟದ ದಿನದ್ದು ಹೇಳುತ್ತೇನೆ. ಟಿಕೆಟ್ ಆಫೀಸಿನಲ್ಲಿ ಐದು ವರ್ಷ ಇದ್ದೇನೆ. ಬಿಸಿನೆಸ್ ಆಫೀಸಿನವರು ನಮ್ಮ ಜೊತೆಗೇ ನಿಲ್ಲುತ್ತಾರೆ.

ನೀವು ಆಟ ನೋಡಲ್ಲ, ಮೊದಲೇ ಹೇಳಿಬಿಡುತ್ತೇನೆ. ಮೇಲೆ ಕೂಗಾಟ ಕೇಳಿಸುತ್ತದೆ, ನೀವು ಕೆಳಗೆ ಕಿಟಕಿ ಇಲ್ಲದ ರೂಮಿನಲ್ಲಿ ಪಾರ್ಕಿಂಗಿನ ದುಡ್ಡು ಎಣಿಸುತ್ತಿರುತ್ತೀರಿ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಎಣಿಸಬೇಕು, ಇಬ್ಬರ ಸಹಿ, ಸೀಲ್ ಚೀಲ, ಚೀಲದ ನಂಬರ್ ರಿಜಿಸ್ಟರಿನಲ್ಲಿ. ಒಬ್ಬರೇ ಎಣಿಸುವ ಪದ್ಧತಿ ಇದ್ದರೆ ಆ ರೂಮಿಗೆ ಕಾಲಿಡಬೇಡಿ. ನೀವು ಎಷ್ಟು ಪ್ರಾಮಾಣಿಕರು ಅನ್ನುವುದು ಬೇರೆ ಮಾತು, 20 ಡಾಲರ್ ಕಡಿಮೆ ಬಂದ ದಿನ ನಿಮ್ಮ ಪರ ಹೇಳುವವರು ಯಾರೂ ಇರಲ್ಲ.

ಆಮೇಲೆ ಮಾರಿದ ಟಿಕೆಟ್ ಒಂದು ಸಂಖ್ಯೆ, ಸ್ಕ್ಯಾನ್ ಆಗಿದ್ದು ಇನ್ನೊಂದು, ಪೇಪರಿನಲ್ಲಿ ಬರುವ ಪ್ರೇಕ್ಷಕರ ಸಂಖ್ಯೆ ಮೂರನೆಯದು. ಮೂರೂ ಯಾವತ್ತೂ ಒಂದೇ ಆಗಲ್ಲ. ಮೊದಲ ತಿಂಗಳು ಇದನ್ನು ತಾಳೆ ಮಾಡಲು ಹೋಗಿ ನಿದ್ದೆ ಕೆಡಿಸಿಕೊಂಡಿದ್ದೆ, ಸುಮ್ನೆ.

ನಿಮ್ಮದು ಸಣ್ಣ ಡಿವಿಷನ್ 1 ಅಂದರಲ್ಲ, ಹಾಗಾದರೆ ಗ್ಯಾರಂಟಿ ಗೇಮ್ ಅನ್ನೋ ಪದ ಕಲಿತುಕೊಳ್ಳಿ. ದೊಡ್ಡ ಯೂನಿವರ್ಸಿಟಿ ತನ್ನ ಮೈದಾನಕ್ಕೆ ಸಣ್ಣ ತಂಡವನ್ನು ಕರೆಸಿ, ಆಡಿ ಹೋಗಲು ದುಡ್ಡು ಕೊಡುತ್ತದೆ. ಸಣ್ಣ ಶಾಲೆಯ ಬಜೆಟಿಗೆ ಆ ಚೆಕ್ ದೊಡ್ಡದು. 2007ರಲ್ಲಿ ಮಿಷಿಗನ್ ಹೀಗೆ ಅಪಲಾಚಿಯನ್ ಸ್ಟೇಟ್ ತಂಡವನ್ನು 4,00,000 ಡಾಲರ್ ಕೊಟ್ಟು ಕರೆಸಿತು, 34-32ರಲ್ಲಿ ಸೋತಿತು. ದುಡ್ಡು ಕೊಟ್ಟು ಹೊಡೆಸಿಕೊಂಡ ಹಾಗೆ. ಆ ಇನ್‌ವಾಯ್ಸ್ ಪಾಸ್ ಮಾಡಿದ ಅಕೌಂಟೆಂಟ್ ಮುಖ ನೆನೆಸಿಕೊಂಡು ನಗು ಬರುತ್ತದೆ. ಚೆಕ್ ಯಾವ ತಾರೀಖಿಗೆ ಬರಬೇಕು, ಆಟ ರದ್ದಾದರೆ ಯಾರು ಯಾರಿಗೆ ಎಷ್ಟು ಕೊಡಬೇಕು, ಎಲ್ಲಾ ಕರಾರಿನಲ್ಲಿ ಇರುತ್ತದೆ. 2020ರಲ್ಲಿ ಕೊರೊನಾ ಬಂದಾಗ ಅದುವರೆಗೆ ಯಾರೂ ಓದದ ಫೋರ್ಸ್ ಮಜೂರ್ (ಕೈಮೀರಿದ ಘಟನೆಯಾದರೆ ಏನು ಅನ್ನುವ) ಪ್ಯಾರಾವನ್ನು ಎಲ್ಲರೂ ಕನ್ನಡಕ ಹಾಕಿಕೊಂಡು ಓದಿದರು.

ಬಿಟ್ಟು_ಬಂದವ

ಎಲ್ಲರೂ ಚಂದ ಹೇಳ್ತಿದ್ದೀರಿ. ನಾನು ಮೂರು ವರ್ಷ ಇದ್ದು ಬಿಟ್ಟವನು. ಯಾವ ಯೂನಿವರ್ಸಿಟಿ ಅಂತ ಹೇಳಲ್ಲ.

ಒಂದು ಬಿಲ್ ಬಂತು. ರೆಸ್ಟೋರೆಂಟ್, 412 ಡಾಲರ್, ಬರೀ ಕಾರ್ಡ್ ಸ್ಲಿಪ್. ಏನೇನು ತಿಂದರು ಅನ್ನುವ ಬಿಡಿ ರಸೀದಿ ಇಲ್ಲ. ರಿಕ್ರೂಟಿಂಗ್ (ಹೊಸ ಆಟಗಾರರನ್ನು ಸೆಳೆಯುವ) ಊಟ ಅಂತ ಬರೆದಿತ್ತು, ಜೊತೆಗೆ ಯಾರು ಕೂತಿದ್ದರು ಅಂತ ಇಲ್ಲ. ನಮ್ಮಲ್ಲಿ ಸ್ಟೇಟ್ ದುಡ್ಡಿನಲ್ಲಿ ಮದ್ಯ ಕೊಳ್ಳುವಂತಿಲ್ಲ, ಅದಕ್ಕೇ ಬಿಡಿ ರಸೀದಿ ಕಡ್ಡಾಯ. ಯಾರ ಊಟ ಅಂತ ಕ್ರೀಡಾ ನಿಯಮ ಪಾಲನೆ ನೋಡುವ ಕಂಪ್ಲಯನ್ಸಿನವರಿಗೂ ಗೊತ್ತಾಗಬೇಕು. ವಾಪಸ್ ಕಳಿಸಿದೆ. ಕೋಚ್ ನನ್ನ ಹತ್ತಿರ ಮಾತಾಡಲೇ ಇಲ್ಲ, ನೇರ ಮೇಲಿನವರ ಬಳಿ ಹೋದರು. ಸಂಜೆ ಅವರಿಂದ ಫೋನ್: "ಏನಾದರೂ ಮಾಡಿ ಮುಗಿಸಪ್ಪ, ಶನಿವಾರ ಆಟ ಇದೆ." ಆಟಕ್ಕೂ ಬಿಲ್ಲಿಗೂ ಏನು ಸಂಬಂಧವೋ ದೇವರಿಗೇ ಗೊತ್ತು.

ನಾನು ಮಾಡಿದ ತಪ್ಪು ಏನೆಂದರೆ, ಮುಗಿಸಿದೆ. ಮುಂದಿನ ವರ್ಷ ಇಂಟರ್ನಲ್ ಆಡಿಟಿನವರು ಅದೇ ಬಿಲ್ ಎತ್ತಿ ಹಿಡಿದರು. ಪಾಸ್ ಮಾಡಿದವರ ಹೆಸರು ನನ್ನದು. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿದೆ? ಮೀಟಿಂಗಿನಲ್ಲಿ ಆ ಮೇಲಿನವರು ನನ್ನ ಎದುರಿಗೇ ಕೂತಿದ್ದರು. ನೀರಿನ ಬಾಟಲಿ ಮುಚ್ಚಳ ತೆಗೆಯೋದು, ಹಾಕೋದು, ತೆಗೆಯೋದು. ಬಾಯಿ ಬಿಡಲಿಲ್ಲ.

ಅದಕ್ಕೇ ನನ್ನ ಒಂದೇ ಮಾತು. ಸಂಬಳ, ಸಮಯ ಎಲ್ಲಾ ಆಮೇಲೆ. ನೀವು ಬೇಡ ಅಂದಾಗ ನಿಮ್ಮ ಹಿಂದೆ ನಿಲ್ಲುವವರು ಯಾರು? ನೀವು ರಿಪೋರ್ಟ್ ಮಾಡುವುದು ಅಥ್ಲೆಟಿಕ್ ಡೈರೆಕ್ಟರ್ ಕಡೆಗಾ, ಯೂನಿವರ್ಸಿಟಿಯ ಫೈನಾನ್ಸ್ ಆಫೀಸಿಗಾ? ಇದನ್ನು ಕೇಳದೆ ಸಹಿ ಹಾಕಬೇಡಿ. ನಿಮಗಿಂತ ಹತ್ತು ಪಟ್ಟು ಸಂಬಳ ತಗೊಳ್ಳುವವರಿಗೆ ದಿನಾ ಇಲ್ಲ ಅನ್ನುವ ಕೆಲಸ ಇದು.

ಪುಟ್ಟ_ಕಾಲೇಜು

ಡಿವಿಷನ್ 3 ಕಡೆಯಿಂದ ಒಂದು ಸಣ್ಣ ದನಿ. ನಮ್ಮಲ್ಲಿ ಕ್ರೀಡೆಗೆ ಅಂತ ಸ್ಕಾಲರ್‌ಶಿಪ್ ಇಲ್ಲ, ಗ್ಯಾರಂಟಿ ಚೆಕ್ ಇಲ್ಲ, ಟಿವಿ ಇಲ್ಲ. ಬಿಸಿನೆಸ್ ಆಫೀಸ್ ಅಂದರೆ ನಾನು ಮತ್ತು ಒಂದು ಪ್ರಿಂಟರ್. ಅಂಪೈರ್‌ಗಳ ದುಡ್ಡು, ವ್ಯಾನ್ ಬುಕಿಂಗ್, ಜೆರ್ಸಿ ಆರ್ಡರ್ ಎಲ್ಲಾ ನಾನೇ. ಒಮ್ಮೆ ಸ್ಕೋರ್‌ಬೋರ್ಡ್ ಒತ್ತುವವರು ಬರಲಿಲ್ಲ ಅಂತ ಅದನ್ನೂ ಒತ್ತಿದ್ದೇನೆ, ತಪ್ಪೂ ಒತ್ತಿದ್ದೇನೆ. "ವಹಿಸಿದ ಇತರ ಕೆಲಸಗಳು" ಅಂದರೆ ಅದೇ ಮೇಡಂ. ಆದರೆ ಇಲ್ಲಿ ಕೋಚ್‌ಗಳು ಜಗಳ ಆಡಲ್ಲ. ಆಡುವಷ್ಟು ದುಡ್ಡೇ ಇಲ್ಲ.

ಹಳೇ_ಲೆಡ್ಜರ್

ಬಿಟ್ಟು ಬಂದವರ ಮಾತು ಓದಿ ಬೇಜಾರಾಯಿತು. ನಿಜ ಕೂಡ. ಆದರೆ ಫೈನಾನ್ಸ್ ಆಫೀಸಿಗೆ ರಿಪೋರ್ಟ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದನ್ನು ನಾನು ಒಪ್ಪಲ್ಲ. ಎರಡನೇ ಯೂನಿವರ್ಸಿಟಿಯಲ್ಲಿ ನನಗೆ ಹಾಗೇ ಇತ್ತು. ಕೂರುವುದು ಸ್ಟೇಡಿಯಮ್ಮಿನಲ್ಲಿ, ಬಾಸ್ ಇರುವುದು ಆಡಳಿತ ಕಟ್ಟಡದಲ್ಲಿ. ಮೊದಲ ವರ್ಷ ಕೋಚ್‌ಗಳು ನಾನು ಒಳಗೆ ಬಂದರೆ ಮಾತು ನಿಲ್ಲಿಸುತ್ತಿದ್ದರು. ಗೂಢಚಾರ ಅಂತ ಹೆಸರಿಟ್ಟಿದ್ದರಂತೆ. ಮುಚ್ಚಿಟ್ಟ ಖರ್ಚು ಜೂನಿನಲ್ಲೇ ಹೊರಗೆ ಬರುತ್ತಿತ್ತು.

ನಾನು ಮಾಡಿದ್ದು ಇಷ್ಟೇ. ಸೀಸನ್ ಶುರುವಾಗುವ ಮೊದಲು ಒಬ್ಬೊಬ್ಬ ಕೋಚ್ ಜೊತೆ ಅರ್ಧ ಗಂಟೆ ಕೂತೆ. ವೇಳಾಪಟ್ಟಿ ಮುಂದಿಟ್ಟುಕೊಂಡು, ಈ ಟ್ರಿಪ್ಪಿಗೆ ಎರಡನೇ ಡ್ರೈವರ್ ಬೇಕಾಗುತ್ತೆ, ಇದಕ್ಕೆ ಒಂದು ರಾತ್ರಿ ಜಾಸ್ತಿ ಹಿಡಿಯೋಣ ಅಂತ ಬರೆದುಕೊಂಡೆ. ಅದಾದ ಮೇಲೆ ಅವರೇ ಫೋನ್ ಮಾಡಲು ಶುರು ಮಾಡಿದರು. ಮುಖ ಗೊತ್ತಿರುವವರಿಗೆ ಇಲ್ಲ ಅನ್ನುವುದು ಸುಲಭ.

ಬಿಟ್ಟು_ಬಂದವ

ಸಾರ್, ಅದು ನಿಮ್ಮ ಸ್ವಭಾವ. ಎಲ್ಲರಿಗೂ ಹಾಗೆ ಕೂತು ಮಾತಾಡಲು ಬರಲ್ಲ, ಎಲ್ಲ ಕೋಚ್‌ಗಳೂ ಅರ್ಧ ಗಂಟೆ ಕೊಡಲ್ಲ. ವ್ಯವಸ್ಥೆ ಸರಿ ಇರಬೇಕು, ಒಳ್ಳೆ ಮನಸ್ಸಿನ ಮೇಲೆ ಬಿಡಬಾರದು. ಕನಿಷ್ಠ ಫೋನ್ ಬಂದ ಮೇಲೆ "ನೀವು ಹೇಳಿದ ಹಾಗೆ ಪಾಸ್ ಮಾಡುತ್ತಿದ್ದೇನೆ" ಅಂತ ಒಂದು ಮೇಲ್ ಹಾಕಿ. ನಾನು ಅದನ್ನು ಕಲಿತದ್ದು ತಡವಾಗಿ.

ಹಳೇ_ಲೆಡ್ಜರ್

ಮೇಲ್ ವಿಷಯ ನೂರಕ್ಕೆ ನೂರು ಸರಿ. ಅದರಲ್ಲಿ ವಾದ ಇಲ್ಲ.

ಕೂಡು_ಕಳೆ

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಮಳೆ ಜಾಕೆಟ್ ಕವರ್ ಓದಿ ಆಫೀಸಿನಲ್ಲೇ ನಕ್ಕುಬಿಟ್ಟೆ.

ಇನ್ನೆರಡು ಪ್ರಶ್ನೆ. ಇಂಟರ್‌ವ್ಯೂನಲ್ಲಿ ರೆವೆನ್ಯೂ ಶೇರ್, ಆಪ್ಟ್ ಇನ್ ಅಂತ ಪದೇಪದೇ ಬರ್ತಿತ್ತು. ತಲೆಯಾಡಿಸಿದೆ, ಅರ್ಥ ಆಗಲಿಲ್ಲ. ಇನ್ನೊಂದು, ಇಎಡಿಎ ವೆಬ್‌ಸೈಟಿನಲ್ಲಿ ಅವರ ಲೆಕ್ಕ ತೆಗೆದು ನೋಡಿದೆ. ಒಟ್ಟು ಆದಾಯ, ಒಟ್ಟು ಖರ್ಚು ಎರಡೂ ಒಂದೇ, ಡಾಲರಿಗೆ ಡಾಲರ್. ನನ್ನ ಕಂಪನಿಯಲ್ಲಿ ಹಾಗೆ ಬಂದರೆ ಯಾರೋ ಕಳ್ಳ ಲೆಕ್ಕ ಬರೆದಿದ್ದಾರೆ ಅಂತ ಅರ್ಥ.

ಹಳೇ_ಲೆಡ್ಜರ್

ಎರಡನೆಯದು ನಾನು ಹೇಳುತ್ತೇನೆ. ಕಳ್ಳ ಲೆಕ್ಕ ಅಲ್ಲ. ಯೂನಿವರ್ಸಿಟಿ ತನ್ನ ಕೈಯಿಂದ ಹಾಕುವ ದುಡ್ಡು, ವಿದ್ಯಾರ್ಥಿಗಳಿಂದ ತಗೊಳ್ಳುವ ಅಥ್ಲೆಟಿಕ್ ಫೀ, ಇವನ್ನೂ ಅಲ್ಲಿ ಆದಾಯ ಅಂತಲೇ ತೋರಿಸುತ್ತಾರೆ. ಕೊರತೆ ಎಷ್ಟೋ ಅಷ್ಟು ತುಂಬಿಸಿದರೆ ಎರಡೂ ಕಡೆ ಸಮ. ಆ ರಿಪೋರ್ಟ್ 1994ರ ಒಂದು ಕಾನೂನಿನಿಂದ ಬಂದದ್ದು. ಪುರುಷ, ಮಹಿಳಾ ತಂಡಗಳಿಗೆ ಎಷ್ಟೆಷ್ಟು ಖರ್ಚಾಗುತ್ತೆ ಅಂತ ಯಾರು ಬೇಕಾದರೂ ನೋಡಲಿ ಅನ್ನೋದು ಅದರ ಉದ್ದೇಶ. ಲಾಭ ನಷ್ಟ ಅದರಿಂದ ಗೊತ್ತಾಗಲ್ಲ. ಜನವರಿಯ ಎನ್‌ಸಿಎಎ ವರದಿಯಲ್ಲಿ ಯೂನಿವರ್ಸಿಟಿ ಕೊಟ್ಟ ದುಡ್ಡಿಗೇ ಪ್ರತ್ಯೇಕ ಸಾಲು ಇದೆ. ಸ್ಟೇಟ್ ಯೂನಿವರ್ಸಿಟಿ ಆದ್ದರಿಂದ ಸಾಮಾನ್ಯವಾಗಿ ಕೇಳಿದರೆ ಸಿಗುತ್ತದೆ. ಆ ಸಾಲು ಐದು ವರ್ಷದಲ್ಲಿ ಎಷ್ಟು ಬೆಳೆದಿದೆ ನೋಡಿ.

ಪಕ್ಕದ_ರೂಮು

ಮೊದಲನೆಯದಕ್ಕೆ ನಾನು. ಕಂಪ್ಲಯನ್ಸಿನಲ್ಲಿದ್ದೇನೆ, ಬಿಸಿನೆಸ್ ಆಫೀಸ್ ನಮ್ಮ ಪಕ್ಕದ ರೂಮು, ಗೋಡೆ ತೆಳು.

ಹೌಸ್ ಕೇಸ್ ಅಂತ ಕೇಳಿರಬಹುದು, ದುಡ್ಡಿನಲ್ಲಿ ಪಾಲು ಬೇಕು ಅಂತ ಆಟಗಾರರು ಎನ್‌ಸಿಎಎ ಮೇಲೆ ಹಾಕಿದ ಮೊಕದ್ದಮೆ. 2025ರ ಜೂನ್ 6ರಂದು ಜಡ್ಜ್ ಕ್ಲಾಡಿಯಾ ವಿಲ್ಕೆನ್ ಆ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಜುಲೈ 1ರಿಂದ ಯೂನಿವರ್ಸಿಟಿಗಳು ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು, ಅದೇ ರೆವೆನ್ಯೂ ಶೇರ್. 2025-26ಕ್ಕೆ ಮಿತಿ ಒಂದು ಶಾಲೆಗೆ ಸುಮಾರು 2.05 ಕೋಟಿ ಡಾಲರ್. ಶಾಲೆಗಳ ಲೀಗುಗಳಾದ ದೊಡ್ಡ ಕಾನ್ಫರೆನ್ಸ್‌ಗಳ ಸರಾಸರಿ ಆದಾಯದ ಶೇ. 22 ಅನ್ನುವ ಲೆಕ್ಕದಿಂದ ಬಂದ ಸಂಖ್ಯೆ ಅದು. ಕೇಸಿನಲ್ಲಿ ಇಲ್ಲದ ಸಣ್ಣ ಕಾನ್ಫರೆನ್ಸಿನ ಶಾಲೆಗಳಿಗೆ ಸೇರುವುದೋ ಬಿಡುವುದೋ ಅವರ ಆಯ್ಕೆ. ಸೇರಿದರೆ ಆಪ್ಟ್ ಇನ್. ಸೇರಿದರೆ ತಂಡದ ಗಾತ್ರಕ್ಕೂ ಮಿತಿ ಬರುತ್ತದೆ. ಫುಟ್‌ಬಾಲಿನಲ್ಲಿ ಮೊದಲು 85 ಸ್ಕಾಲರ್‌ಶಿಪ್ ಅಂತ ಇತ್ತು, ಈಗ ತಂಡದಲ್ಲಿ 105 ಜನ ಅಂತ.

ಇದರಲ್ಲಿ ನಿಮ್ಮ ತಲೆಗೆ ಬರುವುದು ಕಾಗದ. ಈ ಆಟಗಾರರನ್ನು ಸದ್ಯ ನೌಕರರು ಅಂತ ಲೆಕ್ಕ ಹಿಡಿದಿಲ್ಲ. ಹಾಗಾಗಿ ಹೆಚ್ಚಾಗಿ ಪೇರೋಲ್ ಬದಲು ವೆಂಡರ್‌ಗೆ ಕೊಟ್ಟ ಹಾಗೆ ಹೋಗುತ್ತದೆ, ಟ್ಯಾಕ್ಸ್ ಹಿಡಿಯದೆ. 19 ವರ್ಷದ ಹುಡುಗನಿಗೆ ಅಷ್ಟೂ ದುಡ್ಡು ತನ್ನದೇ ಅನಿಸುತ್ತದೆ. ಮುಂದಿನ ಏಪ್ರಿಲಿನಲ್ಲಿ ಟ್ಯಾಕ್ಸ್ ಕಟ್ಟಬೇಕಾದಾಗ ಖಾತೆಯಲ್ಲಿ ಏನೂ ಇರಲ್ಲ, ಕಾರು ಇರುತ್ತದೆ. ನಮ್ಮ ಬಿಸಿನೆಸ್ ಆಫೀಸಿನವರು ಫಾರ್ಮಿಗೆ ಸಹಿ ಹಾಕಿಸುವಾಗಲೇ "ಇದರಲ್ಲಿ ಮೂರನೇ ಒಂದು ಪಾಲು ಮುಟ್ಟಬೇಡ" ಅಂತ ಹೇಳುತ್ತಾರೆ. ಯಾರೂ ಕೇಳಲ್ಲ.

ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ ಟೈಟಲ್ ನೈನ್ ಕಾನೂನು ಇದಕ್ಕೆ ಹೇಗೆ ಅನ್ವಯ ಆಗುತ್ತೆ ಅನ್ನೋದು ಇನ್ನೂ ಜಗ್ಗಾಟದಲ್ಲಿದೆ. 2025ರ ಜನವರಿಯಲ್ಲಿ ಶಿಕ್ಷಣ ಇಲಾಖೆ ಇದಕ್ಕೂ ಅನ್ವಯ ಆಗುತ್ತೆ ಅಂತ ಮಾರ್ಗಸೂಚಿ ಹೊರಡಿಸಿತು, ಫೆಬ್ರವರಿಯಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಸ್ಕಾಲರ್‌ಶಿಪ್ ವಿಷಯದಲ್ಲಿ ಮಾತ್ರ ಹಳೇ ಅಳತೆಯೇ. ಮಹಿಳೆಯರು, ಪುರುಷರು ಎಷ್ಟು ಪಾಲು ಆಡುತ್ತಾರೋ ಹೆಚ್ಚೂಕಡಿಮೆ ಅಷ್ಟೇ ಪಾಲು ನೆರವು ಹೋಗಬೇಕು. ವ್ಯತ್ಯಾಸ ಶೇ. 1 ದಾಟಿದರೆ ಕಾರಣ ಹೇಳಲು ತಯಾರಿರಬೇಕು.

ನೀವು ತಪ್ಪದೆ ಓದಿಕೊಳ್ಳಬೇಕಾದ್ದು ಬೇರೆ ದೇಶದಿಂದ ಬಂದ ಆಟಗಾರರ ಟ್ಯಾಕ್ಸ್. ಟ್ಯೂಷನ್ ಫೀಗೆ ಸಿಗುವ ಸ್ಕಾಲರ್‌ಶಿಪ್ಪಿಗೆ ಟ್ಯಾಕ್ಸ್ ಇಲ್ಲ. ರೂಮು, ಊಟಕ್ಕೆ ಸಿಗುವುದಕ್ಕೆ ಇದೆ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿರುವ, ಟ್ಯಾಕ್ಸ್ ಲೆಕ್ಕಕ್ಕೆ ನಾನ್ ರೆಸಿಡೆಂಟ್ (ಅಮೆರಿಕದ ನಿವಾಸಿಯಲ್ಲದ) ವಿದ್ಯಾರ್ಥಿಗೆ ಆ ಭಾಗದಲ್ಲಿ ಶೇ. 14 ಯೂನಿವರ್ಸಿಟಿಯೇ ಹಿಡಿಯಬೇಕು, ಅವರ ದೇಶದ ಜೊತೆ ಟ್ಯಾಕ್ಸ್ ಒಪ್ಪಂದ ಇದ್ದು ವಿನಾಯಿತಿ ಸಿಕ್ಕರೆ ಅದು ಬೇರೆ. ಆದರೆ ಸ್ಕಾಲರ್‌ಶಿಪ್ ಕೈಗೆ ಬರುವ ದುಡ್ಡಲ್ಲ, ನೇರ ಹಾಸ್ಟೆಲ್ ಲೆಕ್ಕಕ್ಕೆ ಹೋಗುತ್ತದೆ. ಹಿಡಿಯುವುದು ಎಲ್ಲಿಂದ? ವಿದ್ಯಾರ್ಥಿಯ ಖಾತೆಯಲ್ಲಿ ಬಾಕಿ ಅಂತ ಬೀಳುತ್ತದೆ. ಒಬ್ಬಳು ಟೆನಿಸ್ ಹುಡುಗಿ, ಸೆಮಿಸ್ಟರಿಗೆ 6,000 ಡಾಲರ್ ರೂಮು ಊಟ, ಬಾಕಿ 840 ಡಾಲರ್. ಫುಲ್ ಸ್ಕಾಲರ್‌ಶಿಪ್ ಅಂತ ಕೋಚ್ ಹೇಳಿದ್ದರು, ಅವಳ ಅಪ್ಪ ಅಮ್ಮನೂ ಹಾಗೇ ನಂಬಿದ್ದರು. ಫೋನಿನಲ್ಲಿ ಆ ಬಾಕಿಯ ಪುಟ ತೆರೆದುಕೊಂಡು ನನ್ನ ಟೇಬಲ್ ಮುಂದೆ ನಿಂತಿದ್ದಳು. ಬಾಕಿ ಕಟ್ಟದಿದ್ದರೆ ಮುಂದಿನ ಸೆಮಿಸ್ಟರಿನ ಕ್ಲಾಸಿಗೆ ಹೆಸರು ಹಾಕಲು ಬಿಡಲ್ಲ, ಕ್ಲಾಸಿಲ್ಲದಿದ್ದರೆ ಆಡುವಂತಿಲ್ಲ. ಬಿಸಿನೆಸ್ ಆಫೀಸಿನವರು ಕಂತು ಮಾಡಿಸಿಕೊಟ್ಟರು. ಈಗ ನಾವು ಪ್ರತಿ ಆಗಸ್ಟಿನಲ್ಲಿ ಅಂಥ ಎಲ್ಲರನ್ನೂ ಕೂರಿಸಿ ಮೊದಲೇ ಹೇಳುತ್ತೇವೆ. ಎಫ್-1ನವರಿಗೆ ರೆವೆನ್ಯೂ ಶೇರ್ ಕೊಡುವ ಮಾತು ಬಂದರೆ ಇಮಿಗ್ರೇಷನ್ ವಕೀಲರನ್ನು ಕೇಳದೆ ಒಂದು ಡಾಲರನ್ನೂ ಬಿಡಬೇಡಿ.

ನಿಯಮ ಎಲ್ಲಾ ತಲೆಗೆ ಹೋಗುವುದಿಲ್ಲ ಅಂತ ಭಯ ಬೇಡ. ಒಂದು ಕಾಲದಲ್ಲಿ ಆಟಗಾರರಿಗೆ ಬಾಗೆಲ್ (ಬಳೆಯಂಥ ಬ್ರೆಡ್) ಕೊಡಬಹುದಿತ್ತು, ಅದಕ್ಕೆ ಕ್ರೀಮ್ ಚೀಸ್ ಸವರಿ ಕೊಟ್ಟರೆ ತಪ್ಪಾಗುತ್ತಿತ್ತು. 2014ರಲ್ಲಿ ಊಟ ತಿಂಡಿಯ ಮಿತಿ ತೆಗೆದರು. ನಿಯಮ ಬರುತ್ತೆ, ಹೋಗುತ್ತೆ. ಅನುಮಾನ ಬಂದರೆ ದುಡ್ಡು ಹೋಗುವ ಮೊದಲು ನಮ್ಮಂಥವರ ಬಾಗಿಲು ತಟ್ಟಿ, ಅಷ್ಟೇ.

ಸುಮ್ನೆ_ಓದುವವಳು

ನಾನು ಈ ಕೆಲಸದಲ್ಲಿಲ್ಲ, ನಮ್ಮ ಮನೆಯವರು ಇದ್ದಾರೆ. ಸಂಬಳ ಕಡಿಮೆ ಅಂದಿರಿ. ಟ್ಯೂಷನ್ ರಿಯಾಯಿತಿ ಇದೆಯಾ ಕೇಳಿ. ನಮ್ಮ ಮಗಳ ನಾಲ್ಕು ವರ್ಷದ ಡಿಗ್ರಿ ಅದರಿಂದಲೇ ಆಯಿತು. ಮಕ್ಕಳ ಡಿಗ್ರಿಗೆ ಸಿಗುವ ಆ ರಿಯಾಯಿತಿಗೆ ಸಾಮಾನ್ಯವಾಗಿ ಟ್ಯಾಕ್ಸ್ ಇಲ್ಲ. ನೀವೇ ಎಂಬಿಎ ಥರದ್ದು ಮಾಡುವುದಾದರೆ ವರ್ಷಕ್ಕೆ 5,250 ಡಾಲರ್ ತನಕ ಟ್ಯಾಕ್ಸ್ ಇಲ್ಲ, ಮೇಲಿನದು ಸಂಬಳದ ಜೊತೆ ಸೇರುತ್ತದೆ. 9,000ದ ಪಕ್ಕ ಇದನ್ನು ಇಟ್ಟು ನೋಡಿ.

ಇನ್ನೊಂದು ಕಡೆಯೂ ಹೇಳಬೇಕಲ್ಲ. ಸೆಪ್ಟೆಂಬರಿನಿಂದ ಮಾರ್ಚ್ ತನಕ ಶನಿವಾರ ನಮ್ಮನೆಗೆ ಯಾರನ್ನೂ ಕರೆಯಲ್ಲ. ಓವರ್‌ಟೈಮ್ ಅಂತ ಒಂದು ಪೈಸೆ ಬರಲ್ಲ. ಮೊದಲೆಲ್ಲ ಜಗಳ ಆಡುತ್ತಿದ್ದೆ. ಈಗ ಬೇಕಾದರೆ ನಾನೂ ಹೋಗಿ ಆಟ ನೋಡಿಕೊಂಡು ಬರುತ್ತೇನೆ, ಅವರು ಕೆಳಗೆ ದುಡ್ಡು ಎಣಿಸುತ್ತಿರುತ್ತಾರೆ.

ಮೂರನೇ_ಗೇಟ್

ಕಿಟಕಿ ಇಲ್ಲದ ರೂಮು! ಹೇಳಿದೆನಲ್ಲ.

ಕೂಡು_ಕಳೆ

ಎಲ್ಲರಿಗೂ ವರದಿ ಒಪ್ಪಿಸಬೇಕು ಅನಿಸಿತು. ಮೊನ್ನೆ ಮತ್ತೆ ಹೋಗಿ ಮಾತಾಡಿದೆ.

ಯಾರಿಗೆ ರಿಪೋರ್ಟ್ ಅಂತ ಕೇಳಿದೆ. ಅಥ್ಲೆಟಿಕ್ಸಿನ ಫೈನಾನ್ಸ್ ನೋಡುವವರಿಗೆ, ಆದರೆ ಯೂನಿವರ್ಸಿಟಿಯ ಲೆಕ್ಕಪತ್ರ ನೋಡುವ ಕಂಟ್ರೋಲರ್ ಜೊತೆ ಪ್ರತಿ ತಿಂಗಳು ಮೀಟಿಂಗ್ ಇದೆ. ಕೋಚ್ ನೇರವಾಗಿ ಮೇಲೆ ಹೋದರೆ ಏನು ಮಾಡುತ್ತೀರಿ ಅಂದೆ. ನನ್ನ ಬಾಸ್ ಆಗುವವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಡ್ರಾಯರ್ ತೆಗೆದು ಒಂದು ಫೈಲ್ ತೋರಿಸಿದರು. ವಾಪಸ್ ಕಳಿಸಿದ ಬಿಲ್‌ಗಳು, ಒಂದೊಂದಕ್ಕೂ ಹಳದಿ ಚೀಟಿ, ಚೀಟಿಯ ಮೇಲೆ ಅಥ್ಲೆಟಿಕ್ ಡೈರೆಕ್ಟರ್ ಕೈಬರಹದಲ್ಲಿ "ಬೇಡ", ಪಕ್ಕದಲ್ಲಿ ಸಹಿ. ಎರಡರಲ್ಲಿ "ಪಾಸ್ ಮಾಡಿ, ಕಾರಣ ನನ್ನದು" ಅಂತ ಇತ್ತು, ಅದಕ್ಕೂ ಸಹಿ. ಅದನ್ನು ನೋಡಿ ಅರ್ಧ ಮನಸ್ಸು ಮಾಡಿಬಿಟ್ಟೆ.

ಮೊದಲಿದ್ದವರು ಯಾಕೆ ಬಿಟ್ಟರು ಅಂತಲೂ ಕೇಳಿದೆ. ದೊಡ್ಡ ಶಾಲೆಯೊಂದಕ್ಕೆ ಹೋದರಂತೆ. ಊಟದ ದುಡ್ಡು ಇನ್ನೂ ಕವರಿನಲ್ಲೇ. ಪಿ-ಕಾರ್ಡಿನ ಮಿತಿ 2,500, ಅದೇ ನಂಬರ್! ಟ್ರಿಪ್ ಹೊರಟ ದಿನ ತಾತ್ಕಾಲಿಕವಾಗಿ ಏರಿಸಬಹುದಾ ಅಂದೆ. ಇದುವರೆಗೆ ಯಾರೂ ಕೇಳಿಲ್ಲ, ನೋಡೋಣ ಅಂದರು. ಸಂಬಳ 3,000 ಏರಿಸಿದ್ದಾರೆ. ಟ್ಯೂಷನ್ ರಿಯಾಯಿತಿ ಇದೆ, ಆರು ತಿಂಗಳು ಆದ ಮೇಲೆ. ಆಪ್ಟ್ ಇನ್ ಆಗಿಲ್ಲ, ಮುಂದಿನ ವರ್ಷ ಮತ್ತೆ ಚರ್ಚೆಗೆ ಬರುತ್ತದೆಯಂತೆ.

ಸೋಮವಾರ ಸಹಿ ಹಾಕುತ್ತೇನೆ. ಸೇರುವ ದಿನ ಆಗಸ್ಟ್ ಮೊದಲ ವಾರ.

ಬಿಟ್ಟು_ಬಂದವ

ಹಳದಿ ಚೀಟಿಯ ಶಾಲೆ ನನಗೆ ಸಿಕ್ಕಿದ್ದರೆ ನಾನೂ ಇರುತ್ತಿದ್ದೆ. ಒಳ್ಳೆಯದಾಗಲಿ. ಆದರೂ ಮೇಲ್ ಮರೆಯಬೇಡಿ, ಚೀಟಿ ಉದುರಿ ಹೋಗುತ್ತೆ.

ಪುಟ್ಟ_ಕಾಲೇಜು

ಸ್ಕೋರ್‌ಬೋರ್ಡ್ ಒತ್ತಲು ಕರೆದರೆ ಬರಲ್ಲ ಅಂತ ಮೊದಲ ದಿನವೇ ಹೇಳಿಬಿಡಿ ಮೇಡಂ.

ಹಳೇ_ಲೆಡ್ಜರ್

ಅಯ್ಯೋ, ಆಗಸ್ಟಾ! ಬೇಕಿದ್ದರೆ ಜುಲೈ ಮಧ್ಯಕ್ಕೆ ಬರುತ್ತೇನೆ ಅಂತ ಕೇಳಿ ನೋಡಿ. ಆಗಲ್ಲ ಅಂದರೆ ಮೊದಲ ದಿನ ಕಂಪ್ಯೂಟರ್ ಪಾಸ್‌ವರ್ಡಿಗಿಂತ ಮುಂಚೆ ಬಸ್ ಕಂಪನಿಯವರ ರಾತ್ರಿ ಪಾಳಿಯ ನಂಬರ್ ತಗೊಳ್ಳಿ. ಹಗಲಿನ ನಂಬರ್ ಎಲ್ಲರ ಹತ್ತಿರ ಇರುತ್ತೆ.